ಗೇಣು ದೂರದ ಗಾಲ್ಫ್

ಕೆಲವು ಸಂಗತಿಗಳನ್ನು ಮನುಷ್ಯ ಹೆಂಡತಿಯ ಹತ್ತಿರ ಒಪ್ಪಿಕೊಳ್ಳಬಹುದು, ಡಾಕ್ಟರ ಹತ್ತಿರ ಒಪ್ಪಿಕೊಳ್ಳಬಹುದು, ಆದರೆ ಬಸ್ಸಿನಲ್ಲಿ ಪಕ್ಕದ ಸೀಟಿನವರ ಹತ್ತಿರ ಒಪ್ಪಿಕೊಳ್ಳುವುದು ಕಷ್ಟ. ನಾನು ಗಾಲ್ಫ್ ಆಡುತ್ತೇನೆ ಎಂಬುದು ಅಂಥದೊಂದು ಸಂಗತಿ. ಬೀದರದ ಚಿದ್ರಿಯಲ್ಲಿ ಮೂರು ಕೋಣೆಯ ಮನೆ, ಸರ್ವೇ ಇಲಾಖೆಯಲ್ಲಿ ಊರೂರು ತಿರುಗಿ ಹೊಲ ಅಳೆದು ನಿವೃತ್ತನಾದ ಜೀವ, ಕಾಲಿಗೆ ಹವಾಯಿ ಚಪ್ಪಲಿ, ಹೆಗಲ ಮೇಲೆ ಹಳೆಯ ಚಾದರದಲ್ಲಿ ಸುತ್ತಿದ ನಾಲ್ಕು ಕೋಲು. ಇಂಥವನು ಭಾನುವಾರ ಬೆಳಿಗ್ಗೆ ಔರಾದ ಬಸ್ಸು ಹತ್ತಿ ಗಾಲ್ಫ್ ಆಡಲು ಹೊರಟಿದ್ದೇನೆ ಎಂದರೆ ಯಾರು ನಂಬುತ್ತಾರೆ? ಒಮ್ಮೆ ಒಬ್ಬ ಅಜ್ಜಿ ಚಾದರದಿಂದ ಇಣುಕಿದ ಕಬ್ಬಿಣದ ತುದಿಯನ್ನು ಮುಟ್ಟಿ ನೋಡಿ, "ಯಪ್ಪಾ, ಇದು ಪಾತಾಳಗರಡಿ ಏನೋ? ಯಾರ ಕೊಡ ಬಾವ್ಯಾಗ ಬಿದ್ದದ?" ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಗಾಲ್ಫ್ ಏನೆಂದು ವಿವರಿಸುವುದಕ್ಕಿಂತ ಬಾವಿಯಲ್ಲಿ ಒಂದು ಕೊಡ ಬೀಳಿಸುವುದು ಸುಲಭ. ಅವಳು ಸಂತಪುರ ಬರುವವರೆಗೂ ತನ್ನ ತವರುಮನೆಯ ಬಾವಿಯಲ್ಲಿ ಬಿದ್ದ ತಾಮ್ರದ ಕೊಡದ ಕಥೆ ಹೇಳಿ, ಅದು ಸಿಕ್ಕಿತೋ ಇಲ್ಲವೋ ಹೇಳದೆ ಇಳಿದುಹೋದಳು.

ಆದರೆ ಇವತ್ತು ಹೇಳಬೇಕೆಂದು ಕೂತದ್ದು ನಮ್ಮ ಮನೆಯ ಟ್ರಂಕಿನಲ್ಲಿರುವ ಹನ್ನೊಂದು ಅಂಗಿಬಟ್ಟೆಗಳ ವಿಷಯ. ಹನ್ನೊಂದೂ ಹೊಸವು, ಹೊಲಿಸದೆ ಮಡಿಸಿಟ್ಟವು. ಮೂರು ಬಿಳಿ, ಎರಡು ತಿಳಿನೀಲಿ, ಉಳಿದವುಗಳ ಬಣ್ಣಕ್ಕೆ ಹೆಸರಿಲ್ಲ. ನನ್ನ ವಯಸ್ಸಿನ ಮನುಷ್ಯನಿಗೆ ಹನ್ನೊಂದು ಅಂಗಿ ಏಕೆ ಎಂದು ನನ್ನ ಹೆಂಡತಿ ಮಹಾದೇವಿ ಕೇಳಿದ್ದು ನ್ಯಾಯವೇ. ನನಗೆ ಬೇಕಾಗಿದ್ದದ್ದು ಬಟ್ಟೆಯಲ್ಲ, ಬಟ್ಟೆ ಹರಿದುಕೊಡುವ ಮನುಷ್ಯ. ಭಾಲ್ಕಿಯ ಬಟ್ಟೆ ಅಂಗಡಿಯ ವೀರಶೆಟ್ಟರು ನನ್ನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದರು. ಆ ಎರಡು ವರ್ಷ ನಾನು ಅವರಿಗಾಗಿ ಹಂಬಲಿಸಿದಷ್ಟು ಯಾರಿಗಾಗಿಯೂ ಹಂಬಲಿಸಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ತವರಿಗೆ ಹೋದಾಗಲೂ ಇಷ್ಟು ಆಗಿರಲಿಲ್ಲ. ಇದನ್ನು ಮಹಾದೇವಿಗೆ ಓದಿ ಹೇಳಬೇಡಿ.

ಎಲ್ಲವೂ ಶುರುವಾದದ್ದು ಹವಾಲ್ದಾರ್ ಮಾಣಿಕರಾಯರಿಂದ. ಔರಾದದ ಆಚೆ, ಬಸ್ಸು ಇಳಿದು ಅರ್ಧ ತಾಸು ನಡೆದರೆ, ಅವರ ಜಮೀನಿದೆ. ಕೆಂಪು ಕಲ್ಲಿನ ನೆಲ, ಹುಲ್ಲು, ಮುಳ್ಳುಕಂಟಿ, ನಡುವೆ ಒಂದು ಬೇವಿನ ಮರ. ಸೈನ್ಯದಲ್ಲಿದ್ದ ಕೊನೆಯ ಕೆಲವು ವರ್ಷ ಅವರಿಗೆ ಯಾವುದೋ ದಂಡಿನ ಊರಿನ ಗಾಲ್ಫ್ ಮೈದಾನ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಊರಿಗೆ ಬರುವಾಗ ಸಾಹೇಬರು ಬಿಸಾಕಿದ ಒಂದು ಡಜನ್ ಕೋಲು, ಒಂದು ಚೀಲ ಚೆಂಡು ಹೊತ್ತು, ಆಟದ ನಿಯಮಗಳೆಲ್ಲವನ್ನೂ ತಲೆಯಲ್ಲಿ ತುಂಬಿಕೊಂಡು ಬಂದರು. ಆ ನೆಲದಲ್ಲಿ ಆರು ಕುಳಿ ತೋಡಿದರು. ಮೂರು ಸುತ್ತು ಹೊಡೆದರೆ ಆಟಕ್ಕೆ ಬೇಕಾದ ಹದಿನೆಂಟು. ಕುಳಿಯ ಸುತ್ತ ಬೇರೆ ಕಡೆ ಹಸಿರು ಹುಲ್ಲು ಬೆಳೆಸುತ್ತಾರಂತೆ. ಇಲ್ಲಿ ಮರಳಿಗೆ ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಕಲಸಿ ತಟ್ಟಿ ಮಟ್ಟ ಮಾಡಿದ ಕಂದು ಅಂಗಳ, ಅದರ ನಡುವೆ ಪೈಪಿನ ತುಂಡು ಹುಗಿದ ಕುಳಿ. ಉಳಿದ ಮೈದಾನದ ಹುಲ್ಲು ಕತ್ತರಿಸುವ ಹೊಣೆ ಅವರ ತಮ್ಮನ ಕುರಿಗಳದ್ದು. ಕುರಿಗಳು ಹುಲ್ಲು ಕತ್ತರಿಸುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಚೆಂಡನ್ನು ಎತ್ತಿ ಒರೆಸಿ ಮತ್ತೆ ಇಡಬಹುದು ಎಂಬ ವಿಶೇಷ ನಿಯಮವನ್ನು ಹವಾಲ್ದಾರರು ಮಾಡಿದ್ದು ಆ ಕಾರಣಕ್ಕೆ.

ಅಣ್ಣತಮ್ಮಂದಿರ ಪಾಲಿನ ಅಳತೆಗೆಂದು ಅಲ್ಲಿಗೆ ಹೋದ ನಾನು ಸರಪಳಿ ಕೆಳಗಿಟ್ಟು ಕೋಲು ಹಿಡಿದೆ. ಮಗಳ ಮದುವೆಯ ಲಗ್ನಪತ್ರಿಕೆ ಕೊಡಲು ಬಂದ ವೀರಶೆಟ್ಟರೂ ಹಾಗೇ ಸಿಕ್ಕಿಬಿದ್ದರು. ಔರಾದದ ಔಷಧ ಅಂಗಡಿಯ ಖಾನ್ ಸಾಹೇಬರು ಡಾಕ್ಟರು ದಿನಾ ನಡೆಯಲು ಹೇಳಿದ್ದಾರೆಂದು ಸೇರಿಕೊಂಡರು. ನಾಲ್ಕು ಜನ ಆದೆವು. ನಾಲ್ಕು ಜನ ಸಿಕ್ಕಿದ್ದೇ ತಡ, ಹವಾಲ್ದಾರರು ತಮಗೆ ಗೊತ್ತಿದ್ದ ಟೂರ್ನಮೆಂಟಿನ ಪದ್ಧತಿಗಳನ್ನೆಲ್ಲ ಒಂದೊಂದಾಗಿ ನಮ್ಮ ಮೇಲೆ ಪ್ರಯೋಗಿಸಿದರು. ಸ್ಟ್ರೋಕ್ ಪ್ಲೇ ಎಂದರೆ ಹೊಡೆದ ಪ್ರತಿ ಏಟೂ ಲೆಕ್ಕ, ಕಡಿಮೆ ಏಟಿನವನು ಗೆದ್ದಂತೆ, ಪ್ರತಿ ಸಲವೂ ಚೆಂಡು ಕುಳಿಗೆ ಬೀಳಲೇಬೇಕು, ಒಬ್ಬರ ಏಟಿನ ಲೆಕ್ಕದ ಕಾರ್ಡನ್ನು ಇನ್ನೊಬ್ಬರು ಬರೆಯಬೇಕು, ಕೊನೆಗೆ ಇಬ್ಬರೂ ಸಹಿ ಹಾಕಬೇಕು. ಮ್ಯಾಚ್ ಪ್ಲೇ ಎಂದರೆ ಎದುರುಬದುರು ಜಗಳ. ಒಂದೊಂದು ಕುಳಿಗೂ ಒಬ್ಬ ಗೆದ್ದವನು, ಒಬ್ಬ ಸೋತವನು. ಇದರಲ್ಲಿ ಮಾತ್ರ, ಎದುರಾಳಿಯ ಚೆಂಡು ಕುಳಿಯ ತೀರ ಹತ್ತಿರ ಇದ್ದರೆ, ಹಾಕಿದಂತೆಯೇ ಲೆಕ್ಕ ಎಂದು ಬಿಟ್ಟುಕೊಡಬಹುದು. ಸ್ಕ್ರ್ಯಾಂಬಲ್ ಎಂಬುದು ಒಟ್ಟು ಕುಟುಂಬದ ಪದ್ಧತಿ: ಎಲ್ಲರೂ ಹೊಡೆಯುವುದು, ಚೆನ್ನಾಗಿ ಹೊಡೆದ ಒಬ್ಬನ ಚೆಂಡು ಬಿದ್ದಲ್ಲಿಂದ ಎಲ್ಲರೂ ಮುಂದುವರಿಯುವುದು. ಫೋರ್ಸಮ್‌ನಲ್ಲಿ ಇಬ್ಬರಿಗೆ ಒಂದೇ ಚೆಂಡು. ಒಬ್ಬ ಕಂಟಿಯೊಳಗೆ ಹೊಡೆದರೆ ಇನ್ನೊಬ್ಬ ಅದನ್ನು ಹೊರಗೆ ತರಬೇಕು. ಮೂವತ್ತೈದು ವರ್ಷ ಸಂಸಾರ ಮಾಡಿದವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಶಾಟ್‌ಗನ್ ಎಂಬುದೊಂದಿದೆ, ಎಲ್ಲರೂ ಬೇರೆ ಬೇರೆ ಕುಳಿಯಿಂದ ಒಂದೇ ಹೊತ್ತಿಗೆ ಶುರು ಮಾಡುವುದು. ಒಂದು ಭಾನುವಾರ ಅದನ್ನೂ ಮಾಡಿ ನೋಡಿದೆವು. ನಾಲ್ಕು ಜನ ನಾಲ್ಕು ಮೂಲೆಗೆ ಹೋದೆವು. ಮಾತಾಡಲು ಯಾರೂ ಇಲ್ಲದೆ ಬೇಸರ ಬಂದು, ಎರಡನೆಯ ಕುಳಿ ಮುಗಿಯುವ ಮೊದಲೇ ನಾಲ್ವರೂ ಬೇವಿನ ಮರದ ಕೆಳಗೆ ಸೇರಿದ್ದೆವು.

ಆಟ ಶುರುಮಾಡುವ ಜಾಗದ ಗುರುತಿಗೆ ಹವಾಲ್ದಾರರು ಕುಸುಬೆ ಎಣ್ಣೆಯ ಹಳೆಯ ಡಬ್ಬಗಳಿಗೆ ಮಣ್ಣು ತುಂಬಿ ಬಣ್ಣ ಬಳಿದಿಟ್ಟಿದ್ದರು. ಎಲ್ಲಕ್ಕಿಂತ ಹಿಂದೆ ಬಿಳಿ ಡಬ್ಬ, ಅಲ್ಲಿಂದ ಹೊಡೆಯುವುದು ಹವಾಲ್ದಾರರೊಬ್ಬರೇ. ನಡುವೆ ಹಳದಿ. ಎಲ್ಲಕ್ಕಿಂತ ಮುಂದೆ ಕೆಂಪು. ಅದು ಹೊಸಬರಿಗೆ ಮತ್ತು ಮೊಣಕಾಲು ನೋವಿನವರಿಗೆ. ಮೊದಲ ವರ್ಷವೆಲ್ಲ ನಾನು ಕೆಂಪು ಡಬ್ಬದವನು. ಎರಡನೆಯ ವರ್ಷ ಹವಾಲ್ದಾರರು, "ಇನ್ ಮ್ಯಾಲ ನೀವು ಹಳದಿಗಿ ಬರ್ರಿ ಸಾಹೇಬ್ರ" ಎಂದ ದಿನ ಮನೆಗೆ ಪೇಡೆ ತಂದೆ. ಇಲಾಖೆಯಲ್ಲಿ ನನಗೆ ಇಷ್ಟು ಬೇಗ ಬಡ್ತಿ ಸಿಕ್ಕಿರಲಿಲ್ಲ. ಈ ಡಬ್ಬಗಳು ಇಟ್ಟಲ್ಲಿ ಇರುವುದಿಲ್ಲ ಎಂಬುದು ಬೇರೆ ಮಾತು. ಕುರಿ ಕಾಯುವ ಹೆಂಗಸರು ಅವನ್ನು ನೆರಳಿಗೆ ಎಳೆದು ಕೂತುಬಿಡುತ್ತಾರೆ. ಒಂದು ಭಾನುವಾರ ಹಳದಿ ಡಬ್ಬ ಬೇವಿನ ಬುಡದಲ್ಲಿತ್ತು. ಅಲ್ಲಿಂದಲೇ ಹೊಡೆದೆವು, ಮೊದಲನೆಯ ಚೆಂಡು ಟೊಂಗೆಗೆ ಬಡಿದು ನಮ್ಮ ಹಿಂದೆಯೇ ಬಿತ್ತು.

ಆಟದೊಳಗೆ ಸಣ್ಣ ಸಣ್ಣ ಪಂದ್ಯಗಳೂ ಇದ್ದವು. ಯಾರ ಏಟು ಎಲ್ಲರಿಗಿಂತ ದೂರ, ಯಾರ ಚೆಂಡು ಕುಳಿಯ ಬಾವುಟಕ್ಕೆ ಎಲ್ಲರಿಗಿಂತ ಹತ್ತಿರ. ದೂರ ಅಳೆಯಲು ನನ್ನ ಸರಪಳಿ, ಹತ್ತಿರ ಅಳೆಯಲು ಶೆಟ್ಟರ ಗಜ. ಅವರ ತಂದೆಯ ಕಾಲದ ಕಬ್ಬಿಣದ ಗಜವನ್ನು ಅವರು ಕೋಲುಗಳ ಜೊತೆ ಕಟ್ಟಿಕೊಂಡು ಬರುತ್ತಿದ್ದರು. ಗಾಲ್ಫಿನಲ್ಲಿ ಅಳತೆಯೆಲ್ಲ ಗಜದಲ್ಲಿ ಎಂದು ಕೇಳಿದ ದಿನ ಅವರ ಮುಖ ಅರಳಿತ್ತು. ಇನ್ನೊಂದು ಪಂದ್ಯದ ಹೆಸರು ಹಾವು. ಕಂದು ಅಂಗಳಕ್ಕೆ ಬಂದ ಮೇಲೂ ಕುಳಿಗೆ ಹಾಕಲು ಮೂರು ಏಟು ತೆಗೆದುಕೊಂಡವನ ಕೊರಳಿಗೆ ಹವಾಲ್ದಾರರು ಕರಿ ಉಣ್ಣೆಯ ಹಗ್ಗವೊಂದನ್ನು ಹಾಕುತ್ತಿದ್ದರು. ಇನ್ನೊಬ್ಬ ಹಾಗೆ ಮಾಡಿದರೆ ಹಾವು ಅವನಿಗೆ ದಾಟುತ್ತದೆ. ಆಟ ಮುಗಿಯುವಾಗ ಯಾರ ಕೊರಳಲ್ಲಿ ಇರುತ್ತದೋ ಅವರು ಮುಂದಿನ ವಾರ ಎಲ್ಲರಿಗೂ ಮನೆಯಿಂದ ಶೇಂಗಾ ಹೋಳಿಗೆ ತರಬೇಕು. ಅದು ಹೆಚ್ಚಾಗಿ ನನ್ನ ಕೊರಳಲ್ಲೇ ಇರುತ್ತಿತ್ತು. ಮೊದಲ ಸಲ ಕೊರಳಲ್ಲಿ ಹಗ್ಗದೊಂದಿಗೆ ಮನೆಗೆ ಬಂದ ನನ್ನನ್ನು ಕಂಡು ಮಹಾದೇವಿ ಕೈಯಲ್ಲಿದ್ದ ಮೊರ ಕೆಳಗೆ ಬಿಟ್ಟಳು. ಆಮೇಲೆ ರೂಢಿಯಾಗಿ, "ಎಷ್ಟು ಮಂದಿಗ್ರಿ ಹೋಳಿಗಿ?" ಎಂದಷ್ಟೇ ಕೇಳುತ್ತಿದ್ದಳು.

ಹಾವು ನನ್ನ ಕೊರಳಿಗೇ ಏಕೆ ಬರುತ್ತಿತ್ತು ಎಂಬುದಕ್ಕೆ ಕಾರಣವಿದೆ. ನಮ್ಮ ಕಡೆಯ ಜನಕ್ಕೆ ಇನ್ನೊಬ್ಬರು ತಮ್ಮೆದುರು ಮುಜುಗರ ಪಡುವುದನ್ನು ನೋಡಲಾಗುವುದಿಲ್ಲ. ಮನೆಗೆ ಬಂದವರು ಗಾಜಿನ ಲೋಟ ಒಡೆದರೆ "ಹಳೇದಿತ್ತು ಬಿಡ್ರಿ" ಎನ್ನುತ್ತೇವೆ. ಹೇಳಿದ ಹೊತ್ತಿಗೆ ಬಾರದೆ ಎರಡು ತಾಸು ತಡವಾಗಿ ಬಂದವರಿಗೆ "ನಾವೂ ಈಗೇ ಎದ್ದೇವ್ರಿ" ಎನ್ನುತ್ತೇವೆ. ಈ ಗುಣ ಗಾಲ್ಫಿನ ಮೈದಾನಕ್ಕೆ ಬಂದರೆ ಏನಾಗುತ್ತದೆ ಎಂದು ಆ ಆಟ ಕಂಡುಹಿಡಿದವರು ಯೋಚಿಸಿರಲಾರರು. ಚೆಂಡು ಕುಳಿಯಿಂದ ಒಂದು ಗೇಣು ದೂರ ನಿಂತರೂ ಹವಾಲ್ದಾರರು, "ಇರ್ಲಿ ಬಿಡ್ರಿ ಸಾಹೇಬ್ರ, ಬಿದ್ದಂಗೇ ಅದ" ಎಂದು ಚೆಂಡನ್ನು ಎತ್ತಿಕೊಡುತ್ತಿದ್ದರು. ಖಾನ್ ಸಾಹೇಬರು ಇನ್ನೂ ಉದಾರಿ: "ಅಜೀ ಛೋಡೋ ಸಾಬ್, ಹೋಗ್ಯಾದ ಅದು!" ಎದುರುಬದುರಿನ ಆಟದಲ್ಲಿ ಮಾತ್ರ ಇದು ಸಲ್ಲುತ್ತದೆ, ಏಟು ಎಣಿಸುವ ಆಟದಲ್ಲಿ ಸಲ್ಲುವುದಿಲ್ಲ ಎಂದು ನಮಗೆ ಕಲಿಸಿದವರು ಹವಾಲ್ದಾರರೇ. ಆದರೆ ನಿಯಮ ಗೊತ್ತಿರುವುದು ಬೇರೆ, ಮನೆಗೆ ಬಂದವರನ್ನು ನಾಲ್ಕು ಜನರೆದುರು ಗುರಿ ತಪ್ಪಿ ಮುಜುಗರ ಪಡಲು ಬಿಡುವುದು ಬೇರೆ.

ವೀರಶೆಟ್ಟರು ಒಬ್ಬರೇ ಬಿಡುತ್ತಿರಲಿಲ್ಲ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಧೋತರ, ಕೈಯಲ್ಲಿ ಕಾರ್ಡು, ಕಿವಿಯ ಮೇಲೆ ಪೆನ್ಸಿಲ್. ಎಲ್ಲರೂ ಬಿಡ್ರಿ ಎನ್ನುತ್ತಿದ್ದಾಗ ಅವರು ಸ್ವಲ್ಪ ದೂರ ನಿಂತು ಒಂದೇ ಮಾತು ಹೇಳುತ್ತಿದ್ದರು: "ಹಾಕ್ರಿ. ನೋಡೂಣು." ತಮ್ಮ ಚೆಂಡನ್ನೂ ಯಾರಿಗೂ ಎತ್ತಲು ಬಿಡುತ್ತಿರಲಿಲ್ಲ; ನಾಲ್ಕು ಬೆರಳು ದೂರ ಇದ್ದರೂ ಬಗ್ಗಿ ನಿಂತು ಹಾಕುತ್ತಿದ್ದರು. ಅವರು ಅಂಥ ಆಟಗಾರರೇನಲ್ಲ, ನನ್ನಷ್ಟೇ ಕಂಟಿಯೊಳಗೆ ಹೊಡೆಯುವವರು. ನನ್ನ ಕಾರ್ಡು ಬರೆಯುವ ಕೆಲಸ ಯಾವಾಗಲೂ ಅವರದೇ. ಆದ್ದರಿಂದ ಅವರನ್ನು ಬಿಟ್ಟರೆ ಪ್ರತಿ ಸಲ ಚೆಂಡು ಹಾಕಿ ತೋರಿಸಬೇಕಾದವನು ನಾನು, ಗುರಿ ತಪ್ಪಿ ಹಾವು ಹಾಕಿಸಿಕೊಂಡವನೂ ನಾನು. ಆಗ ನನಗೆ ಅವರ ಮೇಲೆ ಬಹಳ ಸಿಟ್ಟು ಬರುತ್ತಿತ್ತು. ಹಾಗಿದ್ದೂ, ಅವರ "ಹಾಕ್ರಿ" ಕೇಳಿ ಹಾಕಿದ ಚೆಂಡು ಪೈಪಿನೊಳಗೆ ಬಿದ್ದಾಗ ಬರುತ್ತಿದ್ದ ಆ ಟಕ್ ಎನ್ನುವ ಸದ್ದಿಗೆ ಸಮನಾದ ಸಂತೋಷ ನನಗೆ ಸಂಬಳದ ದಿನವೂ ಆದದ್ದಿಲ್ಲ.

ವರ್ಷಕ್ಕೊಮ್ಮೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ ಭಜ್ಜಿ-ರೊಟ್ಟಿ ಉಂಡ ನಂತರದ ಭಾನುವಾರ, ನಮ್ಮ ದೊಡ್ಡ ಟೂರ್ನಮೆಂಟು. ದೊಡ್ಡದು ಎಂದರೆ ಅದೇ ನಾಲ್ಕು ಜನ, ಆದರೆ ಹದಿನೆಂಟು ಕುಳಿ, ಸ್ಟ್ರೋಕ್ ಪ್ಲೇ. ಗೆದ್ದವರಿಗೆ ಹವಾಲ್ದಾರರ ಮನೆಯ ಹಿತ್ತಾಳೆ ತಂಬಿಗೆ. ಮೂರು ವರ್ಷದ ಹಿಂದೆ ನಾನು ಹದಿನೇಳು ಕುಳಿ ಮುಗಿಸಿದಾಗ ಎಲ್ಲರಿಗಿಂತ ಮುಂದಿದ್ದೆ. ಹೇಗೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಕೊನೆಯ ಕುಳಿಗೆ ನಾಲ್ಕು ಏಟು ಹೊಡೆದಿದ್ದೆ, ಚೆಂಡು ಕುಳಿಯಿಂದ ಒಂದು ಗೇಣು ದೂರದಲ್ಲಿ ಕೂತಿತ್ತು. ಉಳಿದ ಮೂವರದೂ ಮುಗಿದಿತ್ತು, ಅದೊಂದು ಬಿದ್ದರೆ ತಂಬಿಗೆ ನನ್ನದು. ಹವಾಲ್ದಾರರು ಆಗಲೇ, "ಇರ್ಲಿ ಬಿಡ್ರಿ ಸಾಹೇಬ್ರ, ಆತದು" ಎಂದು ಚಪ್ಪಾಳೆ ತಟ್ಟಿದರು. ಖಾನ್ ಸಾಹೇಬರು ಮುಬಾರಕ್ ಹೇಳಿ ಕೈ ಹಿಡಿದುಕೊಂಡರು. ಹಿಂದಿನಿಂದ ಶೆಟ್ಟರ ದನಿ ಬಂತು: "ಹಾಕ್ರಿ. ನೋಡೂಣು."

"ಒಂದ್ ಗೇಣಿಗೂ ನನ್ನ ಮ್ಯಾಲ ವಿಶ್ವಾಸ ಇಲ್ಲೇನ್ರಿ ಶೆಟ್ರ?" ಎಂದೆ.

"ವಿಶ್ವಾಸದ ಮಾತಲ್ರಿ. ಇದು ಏಟು ಎಣಿಸೋ ಆಟ. ಹಾಕ್ರಿ."

ನಾನು ಬಗ್ಗಿ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ನನ್ನ ಬಾಯಿಂದ ಇನ್ನೊಂದು ಮಾತು ಬಂತು: "ಅಂಗಡ್ಯಾಗ ಗಿರಾಕಿಗಿ ಒಂದ್ ಬೆರಳ ಬಟ್ಟಿ ಹೆಚ್ಚಿಗಿ ಕೊಟ್ಟವರಲ್ಲ ನೀವು. ಒಂದ್ ಗೇಣ ಎಲ್ಲಿಂದ ಬಿಡ್ತೀರಿ!" ಹವಾಲ್ದಾರರು ತಲೆ ತಗ್ಗಿಸಿದರು. ಶೆಟ್ಟರು ಪೆನ್ಸಿಲನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿದರು. ಕಾರ್ಡನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು, ಗಜವನ್ನು ಕಂಕುಳಲ್ಲಿ ಇಟ್ಟುಕೊಂಡರು, ಎಲ್ಲರಿಗೂ ಕೈಮುಗಿದು "ಶರಣಾರ್ಥಿರಿ" ಎಂದು ಹೇಳಿ ಭಾಲ್ಕಿ ಬಸ್ಸಿನ ದಾರಿ ಹಿಡಿದರು. ಗೇಣು ಜಾಗಕ್ಕಾಗಿ ಅಣ್ಣತಮ್ಮಂದಿರು ಬಡಿದಾಡುವುದನ್ನು ನನ್ನ ಕೆಲಸದ ಉದ್ದಕ್ಕೂ ನೋಡಿ, "ಎಂಥ ಮೂರ್ಖರಪ್ಪ" ಎಂದು ನಗುತ್ತಿದ್ದವನು ನಾನು.

ತಂಬಿಗೆ ಯಾರಿಗೂ ಸಿಗಲಿಲ್ಲ. ಸಹಿಯಾದ ಕಾರ್ಡು ಇಲ್ಲದೆ ಕೊಡುವಂತಿಲ್ಲ, ಇಲ್ಲ ಎಂದು ನನಗೆ ಹೇಳಲು ಹವಾಲ್ದಾರರಿಗೆ ಬಾಯಿಲ್ಲ. "ಮುಂದ ನೋಡೂಣ್ರಿ ಸಾಹೇಬ್ರ" ಎಂದು ಅದನ್ನು ಒಳಗಿಟ್ಟರು. ಅವರ ಮನೆಯವರು ಅದರಲ್ಲಿ ಮಜ್ಜಿಗೆ ತುಂಬಿಡಲು ಶುರುಮಾಡಿದರು. ಚಿದ್ರಿಯಲ್ಲಿ ಮಾತ್ರ ನಾನು ಗೆದ್ದೆ ಎಂದೇ ಹೇಳಿಕೊಂಡೆ. ಮುಂದಿನ ಭಾನುವಾರ ಶೆಟ್ಟರು ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಔರಾದ ಬಸ್ ಸ್ಟ್ಯಾಂಡಿನಲ್ಲಿ ಭಾಲ್ಕಿ ಬಸ್ಸು ಬಂದು ನಿಂತಾಗಲೆಲ್ಲ ಇಳಿಯುವವರನ್ನು ಕೊನೆಯವರೆಗೂ ನೋಡಿ ಆಮೇಲೆ ಹೊರಡುವುದು ನನಗೆ ಅಭ್ಯಾಸವಾಯಿತು.

ಮೊದಮೊದಲು ಹಾಯೆನಿಸಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಕೇಳುವವರಿಲ್ಲ, ಹಾವಿಲ್ಲ, ಹೋಳಿಗೆಯಿಲ್ಲ. ಆದರೆ ತಡೆಯುವವರು ಇಲ್ಲದಿದ್ದರೆ ಮರ್ಯಾದೆಗೂ ಕೊನೆ ಇರುವುದಿಲ್ಲ. ಗೇಣು ದೂರದಲ್ಲಿ ಬಿಡುತ್ತಿದ್ದವರು ಮೊಳಕ್ಕೆ ಬಿಟ್ಟರು, ಮೊಳದಿಂದ ಮಾರಿಗೆ ಹೋದರು. ನಾನೂ ಅವರ ಚೆಂಡುಗಳನ್ನು ಬಿಡಬೇಕಾಯಿತು. ಒಂದು ದಿನ ನಾನು ಹಳದಿ ಡಬ್ಬದ ಹತ್ತಿರ ಇನ್ನೂ ಕೋಲು ಎತ್ತಿ ನಿಂತಿದ್ದೆ, ಖಾನ್ ಸಾಹೇಬರು, "ಛೋಡೋ ಸಾಬ್, ಬಿಸಲು ಭಾಳ ಅದ. ಇದು ನೀವ್ ಹಾಕೇ ಹಾಕ್ತೀರಿ" ಎಂದು ಇಡೀ ಕುಳಿಯನ್ನೇ ಬಿಟ್ಟುಕೊಟ್ಟರು. ಮೂವರೂ ಹೋಗಿ ಚಹಾ ಕುಡಿದೆವು. ಎರಡು ವರ್ಷ ನಾನು ಯಾವ ಆಟವನ್ನೂ ಸೋಲಲಿಲ್ಲ, ಆ ಟಕ್ ಎನ್ನುವ ಸದ್ದನ್ನು ಒಮ್ಮೆಯೂ ಕೇಳಲಿಲ್ಲ. ನನ್ನನ್ನು ನಿಜವಾಗಿ ಆಟಗಾರ ಎಂದು ತಿಳಿದಿದ್ದವರು ಒಬ್ಬರೇ, ಅವರನ್ನು ನಾನೇ ಓಡಿಸಿದ್ದೆ. ಮಧ್ಯಾಹ್ನ ಮನೆಯಲ್ಲಿ ಸುಮ್ಮನೆ ಮಲಗಿದ್ದಾಗಲೂ "ಹಾಕ್ರಿ" ಎಂದಂತಾಗಿ ಎದ್ದು ಕೂರುತ್ತಿದ್ದೆ. ಅದು ಮಹಾದೇವಿ ಕೆಲಸದವಳಿಗೆ ಅಂಗಳಕ್ಕೆ ನೀರು ಹಾಕಲು ಹೇಳಿದ್ದಾಗಿರುತ್ತಿತ್ತು.

ಹೀಗೆ ಅಂಗಿಬಟ್ಟೆಯ ವ್ಯವಹಾರ ಶುರುವಾಯಿತು. ಭಾಲ್ಕಿಗೆ ಹೋಗಲು ಕಾರಣ ಬೇಕು, ಬಟ್ಟೆ ಅಂಗಡಿಗೆ ಹೋಗಲು ಬಟ್ಟೆ ಬೇಕು. ಬಸ್ಸಿನಲ್ಲಿ ಕೂತು ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡು ಹೋಗುತ್ತಿದ್ದೆ. ಅಂಗಡಿಯ ಮೆಟ್ಟಿಲು ಹತ್ತಿದರೆ ಶೆಟ್ಟರು ಗಾದಿಯ ಮೇಲಿಂದ ತಲೆಯೆತ್ತಿ, "ಬರ್ರಿ. ಏನ್ ಕೊಡ್ಲಿ?" ಎನ್ನುತ್ತಿದ್ದರು. ಎಲ್ಲ ಗಿರಾಕಿಗಳಿಗೂ ಹೇಳುವ ಹಾಗೆಯೇ. ನನ್ನ ಮಾತುಗಳೆಲ್ಲ ಅಲ್ಲೇ ಉದುರಿಹೋಗಿ, "ಅಂಗಿಬಟ್ಟಿ" ಎಂದಷ್ಟೇ ಬಾಯಿಂದ ಬರುತ್ತಿತ್ತು. ಅವರು ಥಾನ್ ಬಿಚ್ಚಿ, ಅಳೆದು, ಕತ್ತರಿ ತಾಗಿಸಿ ಪರ್ ಎಂದು ಹರಿದು, ಮಡಿಸಿ ಕೊಡುತ್ತಿದ್ದರು. ಮಾತು ಬಿಟ್ಟಿದ್ದರೂ ಚಹಾ ತರಿಸುವುದನ್ನು ಬಿಟ್ಟಿರಲಿಲ್ಲ. ಅಂಗಡಿಗೆ ಬಂದವರನ್ನು ಚಹಾ ಇಲ್ಲದೆ ಕಳಿಸುವುದು ಅವರಿಂದಾಗದು. ನಾನು ಬಿಸಿ ಬಿಸಿ ಕುಡಿದು ನಾಲಿಗೆ ಸುಟ್ಟುಕೊಂಡು ಎದ್ದು ಬರುತ್ತಿದ್ದೆ. ಹನ್ನೊಂದು ಸಲ ಹೀಗಾಯಿತು.

ಹನ್ನೊಂದನೆಯದನ್ನು ತಂದ ದಿನ ಮಹಾದೇವಿ ಟ್ರಂಕು ತೆರೆದು ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದಳು. "ನಿಮಗ ಬೇಕಾದ್ದು ಅಂಗಿ ಅಲ್ರಿ. ಹೋಗಿ ಅವರ ಕಾಲಿಗಿ ಬೀಳ್ರಿ, ಮುಗದು ಹೋಗ್ತದ" ಎಂದಳು. ಯಾರ ಕಾಲಿಗೆ ಏಕೆ ಬೀಳಬೇಕು, ಅವರು ಒಂದು ಗೇಣು ಬಿಡದ ಜಿಪುಣ ಮನುಷ್ಯ ಎಂದು ನಾನು ಹಳೆಯ ರಾಗ ಎಳೆದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು.

"ಯಾರಿಗಿ ಜಿಪುಣ ಅಂತೀರಿ? ಇಪ್ಪತ್ ವರ್ಷದಿಂದ ಅವರ ಅಂಗಡಿ ಬಟ್ಟಿ ಹೊಲಿಸ್ತೇನಿ. ಯಾವಾಗ ಅಳದ್ರೂ ನಾಕ್ ಬೆರಳ ಹೆಚ್ಚೇ ಬರ್ತದ. ಟೇಲರನೂ ಅದೇ ಅಂತಾನ. ನಿಮಗ ಗೊತ್ತಿಲ್ಲೇನು? ಅಳಿಯೋ ನೌಕರಿ ಮಾಡಿದವರು ನೀವು!"

ಅವಳು ಆಚೆ ಹೋದ ಮೇಲೆ ಟೇಪು ತಂದು ಅಳೆದೆ. ಹನ್ನೊಂದನ್ನೂ ಅಳೆದೆ. ಪ್ರತಿಯೊಂದೂ ನಾಲ್ಕು ಬೆರಳು ಹೆಚ್ಚಿತ್ತು. ನಾನು ಆ ಮಾತಾಡಿದ ಮೇಲೆ ಹರಿದವೇ ಎಲ್ಲವೂ. ಒಂದೊಂದನ್ನಾಗಿ ಮಡಿಸಿ ಮತ್ತೆ ಟ್ರಂಕಿಗೆ ಹಾಕಿದೆ. ನಾಚಿಕೆ ಎನ್ನುವುದು ಕಿವಿಯಿಂದ ಶುರುವಾಗುತ್ತದೆ ಎಂದು ಅವತ್ತು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಭಾಲ್ಕಿಗೆ ಹೋದೆ. ಶೆಟ್ಟರು ಆಗಷ್ಟೇ ಊದಿನಕಡ್ಡಿ ಹಚ್ಚುತ್ತಿದ್ದರು. "ಬರ್ರಿ. ಅಂಗಿಬಟ್ಟೀನೇ ಏನ್ರಿ?" ಎಂದರು.

"ಅಲ್ರಿ," ಎಂದೆ. "ಅವತ್ತು ನಾ ಅಂದಿದ್ದು ತಪ್ಪಾತ್ರಿ ಶೆಟ್ರ. ಮಾಫ್ ಮಾಡ್ರಿ. ನೀವು ನಾಕ್ ಬೆರಳ ಹೆಚ್ಚಿಗಿ ಕೊಡ್ತೀರಂತ ನನಗ ಖರೇನೇ ಗೊತ್ತಿದ್ದಿಲ್ರಿ."

ಅವರು ಊದಿನಕಡ್ಡಿಯನ್ನು ಗೂಡಿನಲ್ಲಿ ಸಿಕ್ಕಿಸಿ ನಿಧಾನವಾಗಿ ಗಾದಿಯ ಮೇಲೆ ಕೂತರು. "ಅದು ನಮ್ಮಪ್ಪನ ಕಾಲದಿಂದ ಹಂಗೇ ಅದರಿ. ಬಟ್ಟಿ ನಂದು, ಹೆಚ್ಚಿಗಿ ಬಿಡ್ಲಿಕ್ಕ ನನಗ ಹಕ್ಕದ. ಆ ಕುಣಿ ನಂದೇನ್ರಿ, ಬಿಟ್ಟುಕೊಡ್ಲಿಕ್ಕ?"

ಬಂದದ್ದು ಬರಲಿ ಎಂದು ಇನ್ನೊಂದು ಮಾತನ್ನೂ ಹೇಳಿಬಿಟ್ಟೆ. ಅದನ್ನು ನಾನು ಮಹಾದೇವಿಗೂ ಹೇಳಿರಲಿಲ್ಲ. "ನೀವು ವಿಶ್ವಾಸ ಇಡಲಿಲ್ಲಂತ ಸಿಟ್ಟಿಗೆದ್ದು ಚಂಡ್ ಎತ್ತಿಲ್ರಿ ನಾನು. ಹಾಕಿದ್ರ ಹೋಗೂದಿಲ್ಲಂತ ಅಂಜಿ ಎತ್ತೀನ್ರಿ."

"ಗೊತ್ತದ."

"ಗೊತ್ತಿತ್ತೇನ್ರಿ?"

"ನಿಮ್ಮ ಕೋಲು ನಡಗ್ಲಿಕತ್ತಿತ್ತಲ್ರಿ," ಎಂದು ಶೆಟ್ಟರು ನಕ್ಕರು. ಎರಡು ವರ್ಷದ ಮೇಲೆ ಆ ನಗು ನೋಡಿ ನನ್ನ ಕಣ್ಣು ಮಂಜಾದವು. "ಹೋಗದಿದ್ರ ಹೋಗದಿತ್ತು. ಅದಕ್ಕೇನ್ ಆಗ್ತಿತ್ರಿ? ನೀವು ಬಂದು ಬಂದು ಬರೇ ಅಂಗಿಬಟ್ಟಿ ಕೇಳಿದ್ರಿ. ನಾ ಏನ್ ಮಾಡ್ಲಿ? ಹರದ್ ಹರದ್ ಕೊಟ್ಟೆ." ಹೀಗೆಂದವರು ಗಲ್ಲಾ ಎಳೆದು, ಒಳಗಿನಿಂದ ಒಂದು ಕಾರ್ಡು ತೆಗೆದು ನನ್ನ ಮುಂದಿಟ್ಟರು. ಮೂಲೆಗಳು ಮೆತ್ತಗಾಗಿ ಮಡಿಕೆ ಬಿದ್ದ ಕಾರ್ಡು. ಮೇಲೆ ನನ್ನ ಹೆಸರು, ಹದಿನೇಳು ಮನೆಗಳಲ್ಲಿ ಅವರ ಕೈಬರಹದ ಅಂಕಿಗಳು. ಹದಿನೆಂಟನೆಯ ಮನೆ ಖಾಲಿ.

"ದಿನಾ ಗಲ್ಲಾ ತೆಗದ್ರ ಕಣ್ಣಿಗಿ ಬೀಳ್ತದ," ಎಂದರು. "ಹರದ್ ಹಾಕ್ಲಿಕ್ಕ ಮನಸ್ ಬರಲಿಲ್ರಿ. ನಡೀರಿ, ಮುಗಸೂಣು." ಅಷ್ಟು ಹೊತ್ತಿಗೆ ಬಂದ ಗಿರಾಕಿಗೆ ನಾಳೆ ಬರಲು ಹೇಳಿ, ವಾರದ ಸಂತೆಗೆ ಜನ ಸೇರುವ ಹೊತ್ತಿನಲ್ಲಿ ಅಂಗಡಿಯ ಷಟರ್ ಎಳೆದರು.

ಔರಾದದಲ್ಲಿ ಬಸ್ಸು ಇಳಿದು ನಡೆಯುವಾಗ ನೋಡಿದೆ, ಶೆಟ್ಟರು ಎಡಗಾಲು ಎಳೆಯುತ್ತಿದ್ದರು. ಈಚೆಗೆ ಕೆಲವು ತಿಂಗಳಿಂದ ಮೊಣಕಾಲು ಮಡಚಲು ಬರುವುದಿಲ್ಲವಂತೆ. ಅರ್ಧ ತಾಸಿನ ದಾರಿಗೆ ಒಂದು ತಾಸು ಹಿಡಿಯಿತು. ನಾಲ್ಕು ಕಡೆ ಕೂತೆದ್ದೆವು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡ ಹವಾಲ್ದಾರರು ಕೈಯಲ್ಲಿದ್ದ ಹಗ್ಗ ಬಿಟ್ಟು ಓಡಿಬಂದರು, ಹಗ್ಗದ ತುದಿಯಲ್ಲಿದ್ದ ಟಗರು ಬೇರೆ ಕಡೆ ಓಡಿತು. ಸಂಗತಿ ಕೇಳಿ ಅವರು ಕೊನೆಯ ಅಂಗಳವನ್ನು ಹಲಗೆಯಿಂದ ಎಳೆದು ಮಟ್ಟ ಮಾಡಿಕೊಟ್ಟರು. ಪೈಪು ಹುಗಿದಲ್ಲೇ ಇತ್ತು. ಚೆಂಡು ಇದ್ದದ್ದು ಬೇವಿನ ಮರದ ಕಡೆಗೆ ಎಂದು ನಾನು ತೋರಿಸಿದೆ. ಒಂದು ಗೇಣು ಎಂದರೆ ಯಾರ ಗೇಣು ಎಂಬ ಪ್ರಶ್ನೆ ಬಂತು. ಶೆಟ್ಟರು ತಮ್ಮ ಕೈಯನ್ನೇ ಅಗಲಿಸಿ ಇಟ್ಟರು. ನನ್ನ ಗೇಣಿಗಿಂತ ಅವರದು ಎರಡು ಬೆರಳು ಜಾಸ್ತಿ. ನಾನು ತಕರಾರು ಮಾಡಲಿಲ್ಲ. "ಗುರುತ್ ಇಡದೆ ಎತ್ತಿದ್ರಿ, ಅದಕ್ಕೊಂದು ದಂಡದ ಏಟು. ಐದಾತು," ಎಂದು ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದರು.

ಹವಾಲ್ದಾರರಿಗೆ ತಡೆಯಲಾಗಲಿಲ್ಲ. "ಎರಡ್ ವರ್ಷ ಆತಲ್ರಿ ಶೆಟ್ರ, ಇನ್ನ ಇರ್ಲಿ ಬಿಡ್…" ಎಂದವರು ಶೆಟ್ಟರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

"ಹಾಕ್ರಿ," ಎಂದರು ಶೆಟ್ಟರು. "ನೋಡೂಣು."

ನಾನು ಬಗ್ಗಿ ನಿಂತೆ. ಕೋಲು ಮತ್ತೆ ನಡುಗಿತು, ಈ ಸಲ ಅದನ್ನು ಮುಚ್ಚಿಡಲಿಲ್ಲ. ಹಾಕಿದೆ. ಚೆಂಡು ಕುಳಿಯ ಅಂಚು ಸವರಿಕೊಂಡು ಆಚೆ ಹೋಯಿತು. ಆಚೆಯಿಂದ ಹಾಕಿದೆ, ಈಚೆ ಬಂತು. ಈಚೆಯಿಂದ ಹಾಕಿದ್ದು ಬಾಯಿಯವರೆಗೆ ಬಂದು ನಿಂತಿತು. ಶೆಟ್ಟರು ಒಂದೊಂದಕ್ಕೂ ಕಾರ್ಡಿನ ಅಂಚಿನಲ್ಲಿ ಗೀಟು ಹಾಕುತ್ತಿದ್ದರು, ಒಂದು ಸಲವೂ ನಗಲಿಲ್ಲ. ನಾಲ್ಕನೆಯ ಸಲಕ್ಕೆ ಟಕ್ ಎಂದಿತು.

"ಒಂಬತ್ತು" ಎಂದು ಅವರು ಖಾಲಿ ಮನೆಯಲ್ಲಿ ಬರೆದರು. ತಾವು ಸಹಿ ಹಾಕಿ ಪೆನ್ಸಿಲನ್ನು ನನಗೆ ಕೊಟ್ಟರು. ನಾನೂ ಹಾಕಿದೆ. ಸರ್ಕಾರಿ ನೌಕರಿಯಲ್ಲಿ ಸಾವಿರಾರು ನಕ್ಷೆಗಳಿಗೆ ಸಹಿ ಹಾಕಿದವನು ನಾನು, ಕೈ ಇಷ್ಟು ಹಗುರಾಗಿ ಓಡಿದ್ದು ನೆನಪಿಲ್ಲ. ಆಮೇಲೆ ಹವಾಲ್ದಾರರು ಆ ವರ್ಷದ ಫಲಿತಾಂಶ ತೀರ್ಮಾನಿಸಲು ಕೂತರು. ಅವರೂ ಖಾನ್ ಸಾಹೇಬರೂ ಪರಸ್ಪರ ಬಿಟ್ಟುಕೊಂಡ ಚೆಂಡುಗಳಿಗೆ ಲೆಕ್ಕವೇ ಇರಲಿಲ್ಲವಾದ್ದರಿಂದ, ನಿಯಮದ ಪ್ರಕಾರ ಅವರಿಬ್ಬರೂ ಆಟ ಮುಗಿಸಿದಂತಾಗಲಿಲ್ಲ. ಉಳಿದವರು ಶೆಟ್ಟರು, ನಾನು. ಅವರದು ನನಗಿಂತ ಮೂರು ಏಟು ಕಡಿಮೆ. ಹವಾಲ್ದಾರರ ಮನೆಯವರು ಮಜ್ಜಿಗೆಯನ್ನು ಬೇರೆ ಪಾತ್ರೆಗೆ ಬಗ್ಗಿಸಿ, ತಂಬಿಗೆ ಬೆಳಗಿ ಶೆಟ್ಟರ ಕೈಗೆ ಕೊಟ್ಟರು.

ಈಗ ಶೆಟ್ಟರು ಮತ್ತೆ ಬರುತ್ತಾರೆ, ತಿಂಗಳಿಗೊಂದು ಭಾನುವಾರ, ಯಾರಾದರೂ ಗಾಡಿಯಲ್ಲಿ ಕರೆತಂದರೆ. ಆಡಲಾಗುವುದಿಲ್ಲ. ಕೊನೆಯ ಅಂಗಳದ ಹತ್ತಿರ ಕೆಂಪು ಡಬ್ಬ ಎಳೆದುಕೊಂಡು ಕೂರುತ್ತಾರೆ. ಅವರ ಕಾಲು ಚೆನ್ನಾಗಿದ್ದ ಎರಡು ವರ್ಷ, ಪಕ್ಕದಲ್ಲಿ ಧೋತರ ಎತ್ತಿ ಕಟ್ಟಿಕೊಂಡು ನನ್ನ ಏಟು ಎಣಿಸುತ್ತ ಅವರು ನಡೆಯಬಹುದಾಗಿದ್ದ ಅಷ್ಟೂ ಭಾನುವಾರಗಳನ್ನು ನಾನು ಒಂದು ಗೇಣಿಗೆ ಕಳೆದುಕೊಂಡೆ. ಬಿಳಿ ಡಬ್ಬದಿಂದ ಕೊನೆಯ ಕುಳಿಯವರೆಗೂ ಒಬ್ಬನೇ ನಡೆದುಬರುವಾಗ ಅದು ಎದೆಯಲ್ಲಿ ಚುಚ್ಚುತ್ತದೆ. ಬಿಳಿ ಡಬ್ಬಕ್ಕೆ ನನಗೆ ಯಾವಾಗ ಬಡ್ತಿಯಾಯಿತು ಎಂದು ಕೇಳುತ್ತೀರೇನೋ. ಆಗಿಲ್ಲ, ಹವಾಲ್ದಾರರು ಮರ್ಯಾದೆಗೆ ಬಿಟ್ಟುಕೊಟ್ಟದ್ದು. ಚಿದ್ರಿಯಲ್ಲಿ ಟೂರ್ನಮೆಂಟಿನ ವಿಷಯ ಯಾರಾದರೂ ಎತ್ತಿದರೆ ನಾನೀಗ ಗೆದ್ದೆ ಎನ್ನುವುದಿಲ್ಲ, ಇದ್ದದ್ದನ್ನೇ ಹೇಳುತ್ತೇನೆ: ಎರಡನೆಯ ಸ್ಥಾನ ಬಂತು. ಅವರು ಭೇಷ್ ಎನ್ನುತ್ತಾರೆ. ಎಷ್ಟು ಜನರಲ್ಲಿ ಎರಡನೆಯವರು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ, ನಾನೂ ಹೇಳಿಲ್ಲ.